ಅಪ್‌ಡೇಟ್: ಎತ್ತರದ ತಲೆನೋವು, ಹಿಮ್ಮಡಿಯ ಬೊಬ್ಬೆ ಕೊನೆಗೆ ಏನಾಯ್ತು

ಹನ್ನೆರಡು ದಿನದ ಹಿಂದೆ ಕೇಳಿದ್ದೆ: ಮುಂದಿನ ವರ್ಷದ ದೂರದ ಚಾರಣಕ್ಕೆ ತಯಾರಿ ಅಂತ ಬೆಟ್ಟ ಹತ್ತಿದರೆ, 3,000 ಮೀಟರ್ ದಾಟುತ್ತಿದ್ದಂತೆ ತಲೆನೋವು. ಎರಡನೇ ದಿನಕ್ಕೇ ಹಿಮ್ಮಡಿಯಲ್ಲಿ ಬೊಬ್ಬೆ. ಏನು ಮಾಡಲಿ? ಮತ್ತೆ ಹೋಗಿ, ಐದು ರಾತ್ರಿ ಕಳೆದು ಮೊನ್ನೆ ಬಂದೆ.

ತಲೆನೋವಿಗೆ ಕೆಲಸ ಮಾಡಿದ್ದು ಒಂದೇ ಸಲಹೆ. 3,000 ಮೀಟರ್ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ಹಗಲು ಇನ್ನೊಂದಿಷ್ಟು ಹತ್ತಿ ಇಳಿದು ಬಂದರೆ ಪರವಾಗಿಲ್ಲ. ಹಿಂದಿನ ಸಲ ನಾನು ಒಂದೇ ದಿನಕ್ಕೆ 1,100 ಮೀಟರ್ ಏರಿ ಮಲಗಿದ್ದೆ, ತಲೆ ಸಿಡಿಯದೆ ಇನ್ನೇನು! ಸುಮ್ನೆ ನೀರು ಜಾಸ್ತಿ ಕುಡಿ ಅಂದವರೇ, ಕ್ಷಮಿಸಿ. ಆಗ ಅದನ್ನೂ ಮಾಡಿದ್ದೆ. ಕೊರೆಯುವ ಚಳಿಯಲ್ಲಿ ಮೂರು ಸಲ ಟೆಂಟ್‌ನಿಂದ ಎದ್ದು ಹೊರಗೆ ಹೋಗಿದ್ದಷ್ಟೇ ಬಂತು.

ಬೊಬ್ಬೆಗೆ ಎರಡು ಜೊತೆ ಸಾಕ್ಸ್ ಉಪಯೋಗವಾಗಲಿಲ್ಲ, ಶೂ ಇನ್ನೂ ಬಿಗಿಯಾಯ್ತು. ಹಿಮ್ಮಡಿ ಚುರುಗುಟ್ಟಿದ ಕೂಡಲೇ ನಿಂತು ಟೇಪ್ ಹಚ್ಚಿದ್ದು ಕಾಪಾಡಿತು. "ಇನ್ನೊಂದು ತಿರುವು ದಾಟಿ ನೋಡೋಣ" ಅನ್ನಬೇಡಿ, ಅಷ್ಟರಲ್ಲಿ ಚರ್ಮ ಎದ್ದಿರುತ್ತದೆ. ಕೂತಾಗಲೆಲ್ಲ ಶೂ ಬಿಚ್ಚಿ, ಸಾಕ್ಸ್ ಒಳಹೊರಗು ಮಾಡಿ ಬಿಸಿ ಬಂಡೆ ಮೇಲೆ ಹರಡುತ್ತಿದ್ದೆ. ಹತ್ತು ನಿಮಿಷಕ್ಕೆ ಗರಿಗರಿ.

ಒಂದು ಮಾತ್ರ ಯಾರೂ ಹೇಳಿರಲಿಲ್ಲ. 3,500 ಮೀಟರ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಕೊತಕೊತ ಅಂತಿತ್ತು, ಅಕ್ಕಿ ಮಾತ್ರ ಬೇಯಲೇ ಇಲ್ಲ. ಗ್ಯಾಸ್ ಅರ್ಧ ಖಾಲಿ, ಹಲ್ಲಿಗೆ ಸಿಗುವ ಅನ್ನ. ಮುಂದಿನ ಸಲ ಬಿಸಿನೀರು ಹಾಕಿದರೆ ಸಾಕಾಗುವಂಥದ್ದೇ ಒಯ್ಯುತ್ತೇನೆ.