‘ದಿನಸಿ’ಯ ಗಡಿ ಎಲ್ಲಿಯವರೆಗೆ?

ಪದಪ್ರಿಯರಿಗೆ ನಮಸ್ಕಾರ.

‘ಗ್ರೋಸರಿ’ಯನ್ನು ಕನ್ನಡಕ್ಕೆ ತರುವವರು ಹೆಚ್ಚಾಗಿ ‘ದಿನಸಿ’ ಎಂದು ಬರೆದು ಮುಂದೆ ಹೋಗುತ್ತಾರೆ. ಆ ತಲೆಬರಹದ ಕೆಳಗೆ ತೊಗರಿಬೇಳೆಯ ಪಕ್ಕದಲ್ಲೇ ಕೊತ್ತಂಬರಿ ಸೊಪ್ಪು, ಹಾಲು, ಬಾಳೆಹಣ್ಣು ಬಂದು ಕೂತರೆ ನನ್ನ ಕಿವಿಗೆ ಒಗ್ಗುವುದಿಲ್ಲ. ನಿಮಗೆ ಒಗ್ಗುತ್ತದೆಯೇ ಎಂಬುದು ನನ್ನ ಮೊದಲ ಪ್ರಶ್ನೆ.

ನಾನು ಕೇಳಿ ಬಳಸಿದ ಮಟ್ಟಿಗೆ ದಿನಸಿ ಅಂದರೆ ಅಳೆದೋ ತೂಗಿಯೋ ತಂದು ಡಬ್ಬಿಗೆ ತುಂಬಿಡುವ ಸರಕು: ಅಕ್ಕಿ, ಬೇಳೆ, ರವೆ, ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ. ಎಣ್ಣೆ ದ್ರವವಾದರೂ ಒಳಗೇ ಇದೆ. ಹಸಿಮೆಣಸಿನಕಾಯಿ ಹೊರಗೆ, ಅದು ತರಕಾರಿ. ಹಸಿಶುಂಠಿಯೂ ಹೊರಗೆ, ಆದರೆ ಅದೇ ಒಣಗಿ ಒಣಶುಂಠಿಯಾದ ಕೂಡಲೇ ಒಳಗೆ. ಅಂದರೆ ವಸ್ತು ಯಾವುದು ಎಂಬುದಕ್ಕಿಂತ ಅದು ಕೆಡದೆ ಉಳಿಯುತ್ತದೆಯೇ ಎಂಬುದೇ ಈ ಪದದ ಅಳತೆಗೋಲು ಅನ್ನಿಸುತ್ತದೆ. ತೊಡಕಿರುವುದು ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿಗಳಲ್ಲಿ. ಇವು ದಿನಸಿ ಅಂಗಡಿಯಲ್ಲೂ ಸಿಗುತ್ತವೆ, ತರಕಾರಿ ಗಾಡಿಯಲ್ಲೂ ಸಿಗುತ್ತವೆ. ಮನೆಯ ಚೀಟಿಯಲ್ಲಿ ನೀವು ಇವನ್ನು ಯಾವ ಸಾಲಿಗೆ ಸೇರಿಸುತ್ತೀರಿ?

ಇನ್ನು ಪದದ ಮೂಲ. ದಿನವೂ ಬೇಕಾದದ್ದರಿಂದ ದಿನಸಿ ಎಂಬ ವಿವರಣೆಯನ್ನು ಅನೇಕರು ಕೊಡುತ್ತಾರೆ. ಕೇಳಲು ಸೊಗಸಾಗಿದೆ, ಆದರೆ ಒಪ್ಪಲಾಗದು. ಇದು ‘ಜಿನಸು’ವಿನ ಇನ್ನೊಂದು ರೂಪ. ಅರಬ್ಬಿಯ ‘ಜಿನ್ಸ್’ ಎಂದರೆ ಜಾತಿ, ಬಗೆ. ಪಾರಸಿಯ ಮೂಲಕ ಆಡಳಿತದ ಮಾತಿಗೆ ಬಂದಾಗ ಅದಕ್ಕೆ ಸರಕು, ಧಾನ್ಯ ಎಂಬ ಅರ್ಥವೂ ಕೂಡಿಕೊಂಡಿತು. ಕಂದಾಯವನ್ನು ಹಣವಾಗಿ ಕೊಟ್ಟರೆ ನಗದು, ಬೆಳೆದ ಕಾಳಾಗಿ ಕೊಟ್ಟರೆ ಜಿನಸು. ಕನ್ನಡದಲ್ಲಿ ‘ದಿನಸು’ ಎಂಬುದಕ್ಕೆ ಬಗೆ ಎಂಬ ಅರ್ಥವೂ ಇದೆ, ಸರಕು ಎಂಬ ಅರ್ಥವೂ ಇದೆ.

ಜಕಾರ ದಕಾರವಾದದ್ದು ‘ದಿನ’ದ ಸೆಳೆತದಿಂದ ಎನ್ನುವವರು ನೆರೆಯ ಭಾಷೆಗಳತ್ತ ನೋಡಬೇಕು. ತಮಿಳಿನಲ್ಲಿ ‘ದಿನುಸು’ ಎಂದರೆ ಬಗೆ, ರೀತಿ. ಅಲ್ಲಿ ದಿನದ ಸುಳಿವೇ ಇಲ್ಲ. ತೆಲುಗಿನವರು ಬೇಳೆಕಾಳಿಗೆ ‘ಪಪ್ಪು ದಿನುಸುಲು’, ಮಸಾಲೆ ಪದಾರ್ಥಗಳಿಗೆ ‘ಸುಗಂಧ ದಿನುಸುಲು’ ಅನ್ನುತ್ತಾರೆ. ಬಗೆ ಮತ್ತು ಸರಕು ಎರಡೂ ಅಲ್ಲಿ ಒಂದೇ ಪದದಲ್ಲಿ ಬೆರೆತಿವೆ. ನಮ್ಮ ಕರಾವಳಿಯಲ್ಲಿ ‘ಜೀನಸು’ ಎಂದು ಜಕಾರ ಹಾಗೆಯೇ ಉಳಿದಿದೆ. ಉತ್ತರ ಕರ್ನಾಟಕದಲ್ಲಿ ಕಿರಾಣಿ ಹೆಚ್ಚು ರೂಢಿ. ಅದರ ಬೇರು ಸಂಸ್ಕೃತದ ‘ಕ್ರಯಾಣಕ’, ಕೊಳ್ಳುವ ವಸ್ತು. ಅದೇ ಸೀಮೆಯಲ್ಲಿ ‘ಸಂತಿ’ ಎಂದರೆ ಸಂತೆ ನಡೆಯುವ ಜಾಗ ಮಾತ್ರವಲ್ಲ, ಅಲ್ಲಿಂದ ಮನೆಗೆ ತಂದ ಸಾಮಾನೂ ಹೌದು. ಈ ಬಳಕೆ ನನಗೆ ಬಹಳ ಇಷ್ಟ. ಕಾಯಿಪಲ್ಲೆ, ಕಿರಾಣಿ ಎರಡನ್ನೂ ಒಟ್ಟಿಗೆ ಹಿಡಿಯಬಲ್ಲ ಪದ ಇದೊಂದೇ ಇರಬಹುದು.

ನನ್ನ ಮುಖ್ಯ ಪ್ರಶ್ನೆ ಇದರ ಮುಂದಿನದು. ಮರಾಠಿಯಲ್ಲಿ ಅಡುಗೆ ವಿಧಾನ ಬರೆಯುವವರು ಬೇಕಾದ ವಸ್ತುಗಳ ಪಟ್ಟಿಯನ್ನು ‘ಜಿನ್ನಸ’ ಎಂದೇ ಕರೆಯುತ್ತಾರೆ. ಅಂಗಡಿಯಲ್ಲಿ ಕೊಂಡದ್ದೂ ಅದೇ, ಒಗ್ಗರಣೆಗೆ ಬಿದ್ದದ್ದೂ ಅದೇ. ನಾವು ‘ಬೇಕಾಗುವ ಸಾಮಗ್ರಿಗಳು’ ಅಥವಾ ‘ಪದಾರ್ಥಗಳು’ ಎಂದು ಬರೆಯುತ್ತೇವೆ. ಎರಡರಲ್ಲೂ ನನಗೆ ಅತೃಪ್ತಿ. ಸಾಮಗ್ರಿ ಮೂಲತಃ ಎಲ್ಲವನ್ನೂ ಒಟ್ಟಾಗಿ ಹೇಳುವ ಪದ; ‘ಈ ಗೊಜ್ಜಿನಲ್ಲಿ ಒಂದು ಸಾಮಗ್ರಿ ಕಡಿಮೆಯಾಗಿದೆ’ ಎಂದು ಊಟಕ್ಕೆ ಕೂತವರು ಯಾರೂ ಹೇಳುವುದಿಲ್ಲ. ಪದಾರ್ಥವಂತೂ ಕರಾವಳಿಯ ಮನೆಗಳಲ್ಲಿ ಅನ್ನದ ಜೊತೆಗೆ ಮಾಡಿದ ಸಾರು, ಪಲ್ಯ, ಹುಳಿಗಳ ಹೆಸರು. ಅಲ್ಲಿ ‘ಇವತ್ತೆಂತ ಪದಾರ್ಥ?’ ಎಂದು ಕೇಳಿದರೆ ಒಲೆಯ ಮೇಲಿರುವುದನ್ನು ಹೇಳುತ್ತಾರೆಯೇ ಹೊರತು ಅದಕ್ಕೆ ಹಾಕಿದ ತೊಗರಿಬೇಳೆಯನ್ನಲ್ಲ. ‘ಸಂಬಾರ’ಕ್ಕೆ ಈ ಅರ್ಹತೆ ಇತ್ತು. ಅದರ ಮೂಲವಾದ ‘ಸಂಭಾರ’ ಎಂದರೆ ಒಂದು ಕೆಲಸಕ್ಕೆಂದು ಕೂಡಿಸಿಟ್ಟ ಸಾಮಾನು. ಆದರೆ ಅದು ಕಿರಿದಾಗುತ್ತ ಬಂದು ಮೆಣಸು, ಜೀರಿಗೆ, ಕೊತ್ತಂಬರಿ ಬೀಜಗಳಿಗೆ ನಿಂತುಬಿಟ್ಟಿದೆ. ಈಗ ಅದನ್ನು ಹಿಗ್ಗಿಸುವುದು ಕಷ್ಟ.

ಹಾಗಿರುವಾಗ ಒಂದೊಂದು ಅಡುಗೆ ವಸ್ತುವಿಗೆ ‘ದಿನಸು’ ಎಂದು ಬಳಸಬಹುದೇ? ‘ಬಿಸಿಬೇಳೆಬಾತಿಗೆ ಬೇಕಾದ ದಿನಸುಗಳು’ ಎಂದರೆ ನನಗೆ ಸಹಜವಾಗಿಯೇ ಕೇಳುತ್ತದೆ. ಆದರೆ ಆ ಪಟ್ಟಿಯಲ್ಲಿ ಕ್ಯಾರೆಟ್, ಹುರುಳಿಕಾಯಿಗಳೂ ಇರುತ್ತವಲ್ಲ. ‘ದಿನಸಿ’ಗೆ ನಾನೇ ಮೇಲೆ ಹಾಕಿದ ಗಡಿ ‘ದಿನಸು’ವಿಗೂ ಅಡ್ಡ ಬರುತ್ತದೆಯೇ? ‘ಬಗೆ’ ಎಂಬ ಹಳೆಯ ಅರ್ಥವನ್ನು ಆಧರಿಸಿದರೆ ಬರಬಾರದು ಎಂದು ನನ್ನ ವಾದ.

ಬೀದರ್, ಕಲಬುರಗಿ, ಬೆಳಗಾವಿ ಕಡೆಯವರು ಮುಖ್ಯವಾಗಿ ತಿಳಿಸಿ: ಮರಾಠಿಯ ಒಡನಾಟವಿರುವ ನಿಮ್ಮ ಮನೆಮಾತಿನಲ್ಲಿ ‘ಜಿನಸು’ ಅಡುಗೆಮನೆಯ ಒಳಗೂ ಬಳಕೆಯಲ್ಲಿದೆಯೇ, ಅಥವಾ ಅಂಗಡಿಯ ಬಾಗಿಲಲ್ಲೇ ಉಳಿದಿದೆಯೇ? ಸಾಧ್ಯವಾದರೆ ಹಿರಿಯರು ಆಡಿದ ವಾಕ್ಯವನ್ನು ಇದ್ದ ಹಾಗೆಯೇ ಬರೆಯಿರಿ.