ಝಡ್‌ಲಿಬ್ ಒಳಗ ಇಟ್ಟು ಡೆಬ್ ಮಾಡೀನಿ, ಡೆಬಿಯನ್‌ದವರು ತೊಗೋತಾರೇನ್ರಿ?

ಪ್ರಶ್ನೆ (ಬಾಗಲಕೋಟೆ, ಇಂಜಿನಿಯರಿಂಗ್ ವಿದ್ಯಾರ್ಥಿ): ನಮಸ್ಕಾರ್ರಿ ಸರ. ಹಳೇ ಫಾಂಟಿನ ಕನ್ನಡ ಡಾಕ್ಸ್ ಫೈಲ್ ಯೂನಿಕೋಡಿಗೆ ಬದಲಿಸೋ ಪ್ರೋಗ್ರಾಂ ಸಿ ಒಳಗ ಬರದೀನಿ. ಡಾಕ್ಸ್ ಅಂದ್ರ ಜಿಪ್ ಅಲ್ರಿ, ಅದಕ್ಕ ಕಂಪ್ರೆಸ್ ಮಾಡೋ, ಬಿಚ್ಚೋ ಝಡ್‌ಲಿಬ್ ಅನ್ನೋ ಲೈಬ್ರರಿಯ ಕೋಡ್ ಪೂರಾ ಕಾಪಿ ಮಾಡಿ ಒಳಗ ಇಟ್ಟೀನಿ. ಡೆಬ್ ಫೈಲ್ (ಇನ್‌ಸ್ಟಾಲ್ ಮಾಡೋ ಪ್ಯಾಕೇಜ್) ಆಗೈತಿ, ಇನ್‌ಸ್ಟಾಲೂ ಆಗ್ತೈತಿ. ಡೆಬಿಯನ್ ಅನ್ನೋ ಲಿನಕ್ಸ್ ವ್ಯವಸ್ಥೆಯೊಳಗ ಸೇರಿಸಬೇಕಂದ್ರ ಇನ್ನೇನು ಮಾಡ್ಬೇಕ್ರಿ?

ಉತ್ತರ (ಬೆಳಗಾವಿ, ಪ್ಯಾಕೇಜಿಂಗ್ ಕೆಲಸದವರು): ಕೆಲಸ ಚಲೋ ಐತಿ ತಮ್ಮಾ, ಆದ್ರ ಈಗಿದ್ದ ಹಂಗ ತೊಗೊಳ್ಳೂದಿಲ್ಲ. ನಿನ್ನ ಲ್ಯಾಪ್‌ಟಾಪಿನ್ಯಾಗ ಆದ ಡೆಬ್ ತೊಗೊಂಡು ಅವರೇನು ಮಾಡ್ತಾರ? ಸೋರ್ಸ್ (ಮೂಲ ಕೋಡ್) ಕೊಟ್ರ, ಇಂಟರ್ನೆಟ್ ಇಲ್ಲದ ಖಾಲಿ ಮಷೀನಿನ್ಯಾಗೂ ಅದು ಬಿಲ್ಡ್ ಆಗಬೇಕು, ಅಂದ್ರ ಅದರಿಂದ ಓಡೋ ಪ್ರೋಗ್ರಾಂ ತಯಾರಾಗಬೇಕು.

ಮೊದಲು ಆ ಝಡ್‌ಲಿಬ್ ಕಾಪಿ ತಗಿ. ಕಂಪ್ರೆಸ್ ಮಾಡೋವಾಗ ಮೆಮೊರಿ ಕೆಡಿಸೋ ದೋಷ ಅದರಾಗ ಒಂದಿತ್ತು, ತಿದ್ದಿದ 1.2.12 ಆವೃತ್ತಿ ಬಂದದ್ದು 2022ರ ಮಾರ್ಚ್‌ದಾಗ. ಸಿಸ್ಟಮಿನ್ಯಾಗ ಎಲ್ಲಾಕ್ಕೂ ಸೇರಿ ಇರೋ ಒಂದ ಝಡ್‌ಲಿಬ್ ಬಳಸೋ ಪ್ರೋಗ್ರಾಂಗಳಿಗೆ ಒಂದೇ ಪ್ಯಾಕೇಜ್ ಅಪ್‌ಡೇಟ್ ಸಾಕಾತು. ಹೊಟ್ಟ್ಯಾಗ ಕಾಪಿ ಇಟ್ಕೊಂಡವನ್ನ ಒಂದೊಂದ ಹುಡುಕಿ ತಿದ್ದಬೇಕಾತು. ಸೆಕ್ಯುರಿಟಿ ಟೀಮಿನವರು ನಿನ್ನ ಕೋಡ್ ಬಗದು ನೋಡ್ಕೊಂತ ಕೂಡ್ಲಿ ಅನ್ನೂದು ನ್ಯಾಯ ಅಲ್ಲ.

ಪ್ಯಾಕೇಜಿನ ವಿವರ ಇರೋ ಕಂಟ್ರೋಲ್ ಫೈಲಿನ ಬಿಲ್ಡ್-ಡಿಪೆಂಡ್ಸ್ (ಬಿಲ್ಡ್ ಮಾಡಾಕ ಏನೇನು ಬೇಕು) ಸಾಲಿನ್ಯಾಗ ಝಡ್‌ಲಿಬ್1ಜಿ-ಡೆವ್ ಬರಿ, ಅದು ಸಿಸ್ಟಮ್ ಝಡ್‌ಲಿಬ್ ಜೋಡಿ ಬಿಲ್ಡ್ ಮಾಡಾಕ ಬೇಕಾದ ಪ್ಯಾಕೇಜ್. ಬಿಲ್ಡ್ ಸೂಚನೆ ಇರೋ ಮೇಕ್‌ಫೈಲಿನ್ಯಾಗ ಝಡ್‌ಲಿಬ್‌ಗೆ ಲಿಂಕ್ ಮಾಡು. ಓಡೋವಾಗ ಯಾವ ಲೈಬ್ರರಿ ಬೇಕು ಅನ್ನೂದನ್ನ ಕೈಲೆ ಬರೀಬ್ಯಾಡ. ಡಿಪೆಂಡ್ಸ್ ಸಾಲಿನ್ಯಾಗ ಎಸ್‌ಎಚ್‌ಲಿಬ್ಸ್ ವೇರಿಯೇಬಲ್ ಇಟ್ರ ಬೈನರಿ ನೋಡಿ ಟೂಲೇ ತುಂಬ್ತೈತಿ. ಆಮ್ಯಾಲೆ ಪ್ಯಾಕೇಜಿನ ತಪ್ಪು ಹುಡುಕೋ ಲಿಂಟಿಯನ್ ಅನ್ನೋ ಟೂಲ್ ಓಡಿಸು, ಬಾಳ ಬೈತೈತಿ, ಅಂಜಬ್ಯಾಡ.

ಪ್ರಶ್ನೆ (ವಿಜಯಪುರ, ಡಿಟಿಪಿ ಕೆಲಸದವರು): ಅಣ್ಣಾರ, ನಡುವ ಬಾಯಿ ಹಾಕ್ತೀನ್ರಿ. ಟೆಸ್ಟಿಗಂತ ಈ ಹುಡುಗಗ ಒಂದು ಹಳೇ ಫಾಂಟ್ ನಾನ ಕೊಟ್ಟೀನಿ. ‘ವ್ಯಾಪಾರಕ್ಕ ಬಳಸುವಂತಿಲ್ಲ’ ಅಂತ ಅದರ ಲೈಸೆನ್ಸಿನ್ಯಾಗ ಐತಿ. ಪುಕ್ಕಟೆ ಸಿಗೋದಲ್ರಿ, ನಡೀತೈತೇನ್ರಿ?

ಉತ್ತರ: ಚಲೋ ಆತು ಕೇಳಿದ್ರಿ ಅಕ್ಕಾರ. ನಡಿಯೂದಿಲ್ರಿ. ಪುಕ್ಕಟೆ ಸಿಕ್ಕರ ಸಾಲೂದಿಲ್ಲ. ಯಾವ ಕೆಲಸಕ್ಕಾದ್ರೂ ಬಳಸೋ ಹಕ್ಕು ಇರಬೇಕು ಅಂತ ಡೆಬಿಯನ್ 1997ರಾಗ ಒಪ್ಪಿದ ಮಾರ್ಗಸೂಚಿ ಹೇಳ್ತೈತಿ. ಟೆಸ್ಟ್ ಫೋಲ್ಡರಿನ್ಯಾಗ ಇದ್ರೂ ಅದು ಸೋರ್ಸಿನ ಭಾಗನ. ಗುಬ್ಬಿ, ನವಿಲು ಫಾಂಟ್ ಡೆಬಿಯನ್‌ದಾಗ ಅದಾವ, ಆದ್ರ ಅವು ಯೂನಿಕೋಡ್ ಫಾಂಟು. ಫಲಿತಾಂಶ ತೋರಸಾಕ ಬರ್ತಾವ, ಹಳೇ ಫಾಂಟಿನ ಬದಲಿಗೆ ಬರೂದಿಲ್ಲ. ತಮ್ಮಾ, ಫಾಂಟ್ ತಗದುಬಿಡು. ಹಳೇ ಎನ್‌ಕೋಡಿಂಗಿನ್ಯಾಗ ನೀನ ನಾಕು ಸಾಲು ಟೈಪ್ ಮಾಡಿ ಇಡು, ಟೆಸ್ಟಿಗೆ ಅಷ್ಟ ಸಾಕು.

ಬಾಗಲಕೋಟೆ: ಆತ್ರಿ ಸರ. ಆಮ್ಯಾಲೆ ಯಾರಿಗೆ ಕಳಸೋದ್ರಿ?

ಉತ್ತರ: ‘ಇದನ್ನ ಪ್ಯಾಕೇಜ್ ಮಾಡ್ತೀನಿ’ ಅಂತ ಡೆಬಿಯನ್ ಬಗ್ ಪಟ್ಟಿಯೊಳಗ ತಿಳಿಸು, ಅದಕ್ಕ ಐಟಿಪಿ ಅಂತಾರ. ಹೊಸಬರ ಪ್ಯಾಕೇಜ್ ನೋಡಾಕ ಇಡೋ ಮೆಂಟರ್ಸ್ ಅನ್ನೋ ಡೆಬಿಯನ್ ತಾಣಕ್ಕ ಸೋರ್ಸ್ ಏರಿಸು. ಒಬ್ಬ ಡೆಬಿಯನ್ ಡೆವಲಪರ್ ನೋಡಿ ಒಪ್ಪಿ ಅಪ್‌ಲೋಡ್ ಮಾಡಬೇಕು. ಏರ್ಸೂಕಿಂತ ಮೊದಲು ಕಾಪಿರೈಟ್ ಫೈಲ್ (ಕೋಡ್ ಯಾರದು, ಲೈಸೆನ್ಸ್ ಯಾವುದು ಅಂತ ಬರದದ್ದು) ಇಲ್ಲಿ ಹಾಕು, ನೋಡೂಣು.