ದಿನವೂ ಓಡಿಸುತ್ತಲೇ ಹಳೆಯ ಪದ್ಮಿನಿ ಕಾರನ್ನು ಸುಧಾರಿಸುವುದು ಹೇಗೆ? ಗ್ಯಾರೇಜಿನವರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಮೈಸೂರಿನ ಸದಸ್ಯರು):
ನಮಸ್ಕಾರ ಸರ್. ನಮ್ಮ ತಂದೆಯವರು 1976ರಲ್ಲಿ ಹೊಸದಾಗಿ ಕೊಂಡ ಪ್ರೀಮಿಯರ್ ಪದ್ಮಿನಿ ಈಗ ನನ್ನ ಬಳಿ ಇದೆ. ದಿನಕ್ಕೆ ಸುಮಾರು 14 ಕಿಲೋಮೀಟರ್ ಕಚೇರಿಗೆ ಹೋಗಿ ಬರುತ್ತೇನೆ. ವರ್ಷಕ್ಕೆರಡು ಸಲ ಮಡಿಕೇರಿ, ಸಂಪಾಜೆ ಘಾಟಿಯ ಮೂಲಕ ಪುತ್ತೂರಿನ ಅತ್ತೆಯ ಮನೆಗೂ ಇದರಲ್ಲೇ ಹೋಗುತ್ತೇವೆ. ಬೇರೆ ಕಾರು ಇಲ್ಲ. ಬ್ರೇಕ್ ಹಿಡಿಯಲು ಪೆಡಲನ್ನು ಎರಡು ಸಲ ಒತ್ತಬೇಕಾಗಿದೆ, ರಾತ್ರಿ ಹೆಡ್‌ಲೈಟಿನ ಬೆಳಕು ಸಾಲುವುದಿಲ್ಲ, ಬೇಸಿಗೆಯಲ್ಲಿ ಏರು ಹತ್ತುವಾಗ ಎಂಜಿನ್ ಕಾಯುತ್ತದೆ. ಪೂರ್ತಿ ಬಿಚ್ಚಿ ಮಾಡಿಸಿದರೆ ಆರು ತಿಂಗಳು ಕಾರು ಬಿಟ್ಟಿರಬೇಕು ಎಂದು ಗ್ಯಾರೇಜೊಂದರಲ್ಲಿ ಹೇಳಿದರು. ಕಾರನ್ನು ನಿಲ್ಲಿಸದೆ ಸ್ವಲ್ಪ ಸ್ವಲ್ಪವಾಗಿ ಸುಧಾರಿಸಲು ಸಾಧ್ಯವೇ? ಯಾವುದರಿಂದ ಆರಂಭಿಸಬೇಕು?

ಉತ್ತರ:
ಖಂಡಿತ ಸಾಧ್ಯ. ನನ್ನ ಅನುಭವದಲ್ಲಿ ಹೀಗೆ ಓಡುತ್ತಲೇ ಸುಧಾರಿಸಿದ ಕಾರುಗಳೇ ಹೆಚ್ಚು ಕಾಲ ಉಳಿದಿವೆ. ಪೂರ್ತಿ ಬಿಚ್ಚಿದ ಕಾರುಗಳಲ್ಲಿ ಹಲವು ಇಂದಿಗೂ ಯಾರದೋ ಷೆಡ್ಡಿನ ಮೂಲೆಯಲ್ಲಿ ಡಬ್ಬಿ ಡಬ್ಬಿಗಳಲ್ಲಿ ಕುಳಿತಿವೆ. ಆದರೆ ಇದಕ್ಕೆ ಶಿಸ್ತು ಬೇಕು. ಶನಿವಾರ ಬಿಚ್ಚಿದ್ದನ್ನು ಭಾನುವಾರ ಸಂಜೆಯೊಳಗೆ ಜೋಡಿಸಿ ಓಡಿಸಿ ನೋಡಲು ಆಗುವಷ್ಟು ಕೆಲಸವನ್ನು ಮಾತ್ರ ಕೈಗೆತ್ತಿಕೊಳ್ಳಿ. ಒಂದು ಸಲಕ್ಕೆ ಒಂದೇ ವ್ಯವಸ್ಥೆಯನ್ನು ಮುಟ್ಟಿ, ಮುಂದಿನದಕ್ಕೆ ಹೋಗುವ ಮೊದಲು ಕನಿಷ್ಠ 300 ಕಿಲೋಮೀಟರ್ ಓಡಿಸಿ. ಒಂದೇ ವಾರ ಕಾರ್ಬ್ಯುರೇಟರನ್ನೂ ಇಗ್ನಿಷನ್ನನ್ನೂ ಬದಲಿಸಿದ ಮೇಲೆ ಎಂಜಿನ್ ಮಿಸ್ ಹೊಡೆದರೆ, ತಪ್ಪು ಯಾವುದರದು ಎಂದು ಹುಡುಕುವುದರಲ್ಲೇ ಒಂದು ತಿಂಗಳು ಕಳೆಯುತ್ತದೆ. ತೆಗೆದ ಹಳೆಯ ಬಿಡಿಭಾಗವನ್ನು ಎಸೆಯದೆ ಚೀಟಿ ಬರೆದು ಇಟ್ಟುಕೊಳ್ಳಿ, ಏಕೆಂದರೆ ಹೊಸದು ಕೈಕೊಟ್ಟಾಗ ಹಿಂದಕ್ಕೆ ಮರಳುವ ದಾರಿ ಅದೊಂದೇ.

ಆರಂಭ ಬ್ರೇಕಿನಿಂದಲೇ ಆಗಬೇಕು. ನಿಮ್ಮ ಕಾರಿನ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕ್ ಇದೆ, ನಾಲ್ಕಕ್ಕೂ ಒಂದೇ ಮಾಸ್ಟರ್ ಸಿಲಿಂಡರಿನಿಂದ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ತಳ್ಳುವ ಭಾಗ) ಒಂದೇ ಕೊಳವೆ ಸಾಲಿನಲ್ಲಿ ಒತ್ತಡ ಹೋಗುತ್ತದೆ. ಅಂದರೆ ಎಲ್ಲಾದರೂ ಒಂದು ಕಡೆ ಹೋಸ್ ಒಡೆದರೆ ಅಥವಾ ಚಕ್ರದ ಬಳಿ ಬ್ರೇಕ್ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಸೋರಿದರೆ ನಾಲ್ಕು ಚಕ್ರಗಳ ಬ್ರೇಕೂ ಒಟ್ಟಿಗೇ ಹೋಗುತ್ತದೆ. ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಎರಡು ಸಲ ಒತ್ತಿದರೆ ಹಿಡಿಯುತ್ತದೆ ಎಂದರೆ ಒಂದೋ ಶೂ ಮೇಲಿನ ಉಜ್ಜುವ ಪಟ್ಟಿಯಾದ ಲೈನರ್ ಸವೆದು ಶೂ ಮತ್ತು ಡ್ರಮ್ಮಿನ ನಡುವೆ ಅಂತರ ಹೆಚ್ಚಾಗಿದೆ, ಇಲ್ಲವೇ ಸಾಲಿನಲ್ಲಿ ಗಾಳಿ ಸೇರಿದೆ, ಅಥವಾ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿದೆ. ಯಾವುದಾದರೂ ಸರಿ, ಈ ಸ್ಥಿತಿಯಲ್ಲಿ ಸಂಪಾಜೆ ಘಾಟಿ ಇಳಿಯಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಕೆಲಸವನ್ನು ಎರಡು ವಾರಾಂತ್ಯಗಳಿಗೆ ಹಂಚಿಕೊಳ್ಳಬಹುದು. ಮೊದಲನೆಯದರಲ್ಲಿ ನಾಲ್ಕೂ ಡ್ರಮ್ ಕಳಚಿ, ವೀಲ್ ಸಿಲಿಂಡರುಗಳ ಒಳಮೈಯಲ್ಲಿ ತುಕ್ಕಿನ ಗುಳಿಗಳಿವೆಯೇ ನೋಡಿ. ಗುಳಿ ಬಿದ್ದಿದ್ದರೆ ರಬ್ಬರ್ ಕಿಟ್ ಮಾತ್ರ ಹಾಕಿಸುವುದು ಹಣ ದಂಡ, ಏಕೆಂದರೆ ಹೊಸ ರಬ್ಬರನ್ನು ಆ ಗುಳಿಯೇ ಕೊರೆದು ಮೂರು ತಿಂಗಳಲ್ಲಿ ಮತ್ತೆ ಸೋರುವಂತೆ ಮಾಡುತ್ತದೆ. ಇಡೀ ಸಿಲಿಂಡರನ್ನೇ ಬದಲಿಸಿ. ಡ್ರಮ್ಮಿನಲ್ಲಿ ಗೀರು ಆಳವಾಗಿದ್ದರೆ ಲೇತ್ ಅಂಗಡಿಯಲ್ಲಿ ಹೊಡೆಸಿ, ಆದರೆ ಒಂದು ಬದಿಯದನ್ನು ಹೊಡೆಸಿದರೆ ಅದೇ ಆಕ್ಸಲಿನ ಇನ್ನೊಂದು ಬದಿಯದನ್ನೂ ಅಷ್ಟೇ ಹೊಡೆಸಬೇಕು, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ. ಎರಡನೆಯ ವಾರಾಂತ್ಯದಲ್ಲಿ ಮಾಸ್ಟರ್ ಸಿಲಿಂಡರ್, ಎಲ್ಲ ರಬ್ಬರ್ ಹೋಸುಗಳು ಮತ್ತು ತುಕ್ಕು ತಿಂದ ಉಕ್ಕಿನ ಕೊಳವೆಗಳು. ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ಎಣ್ಣೆಯನ್ನು ತಡೆಯುವುದುಂಟು. ಎರಡೂ ವಾರಾಂತ್ಯಗಳಲ್ಲಿ ಕೆಲಸ ಮುಗಿದ ಮೇಲೆ ಸಾಲಿನ ಗಾಳಿ ತೆಗೆದು, ಶೂ ಅಡ್ಜಸ್ಟ್ ಮಾಡಿ, ಪೆಡಲ್ ಗಟ್ಟಿಯಾಗಿದೆ ಎಂದು ಖಚಿತವಾದ ಮೇಲಷ್ಟೇ ರಸ್ತೆಗೆ ಇಳಿಸಿ.

ಬ್ರೇಕ್ ಎಣ್ಣೆಯ ಬಗ್ಗೆ ನಮ್ಮಲ್ಲಿ ಉದಾಸೀನ ಹೆಚ್ಚು. ಡಾಟ್ 3 ದರ್ಜೆಯ ಎಣ್ಣೆ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಆದರೆ ಅದು ಗಾಳಿಯ ತೇವವನ್ನು ಹೀರಿಕೊಂಡ ಮೇಲೆ ಅದೇ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಕೊಡಗಿನ ಮಳೆಗಾಲ ನೋಡಿದ, ಐದಾರು ವರ್ಷ ಹಳೆಯ ಎಣ್ಣೆ ಹಾಕಿಕೊಂಡು ಘಾಟಿಯಲ್ಲಿ ಬ್ರೇಕ್ ಒತ್ತುತ್ತಲೇ ಇಳಿದರೆ ಎಣ್ಣೆ ಕುದಿದು ಆವಿಯಾಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಎಂಜಿನ್ ಆಯಿಲ್ ಆಗಲಿ ಬೇರೆ ಯಾವ ಖನಿಜ ತೈಲವಾಗಲಿ ಒಂದು ಹನಿಯೂ ಅದಕ್ಕೆ ಸೇರಬಾರದು. ರಬ್ಬರುಗಳೆಲ್ಲ ಊದಿ ಹಾಳಾಗುತ್ತವೆ.

ಪ್ರಶ್ನೆ (ಅದೇ ಸದಸ್ಯರು):
ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದಗಳು ಸರ್. ಇಷ್ಟೆಲ್ಲ ಖರ್ಚು ಮಾಡುವ ಬದಲು ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕನ್ನೇ ಹಾಕಿಸಿಬಿಡಿ ಎಂದು ಪರಿಚಿತ ಮೇಸ್ತ್ರಿಯೊಬ್ಬರು ಹೇಳುತ್ತಾರೆ. ತಮ್ಮ ಅಭಿಪ್ರಾಯವೇನು?

ಉತ್ತರ:
ಡಿಸ್ಕ್ ಒಳ್ಳೆಯದೇ, ಆದರೆ ಅದು ಮೊದಲ ಹೆಜ್ಜೆಯಲ್ಲ. ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರಿನಲ್ಲಿ ಸಾಲಿನೊಳಗೆ ಸ್ವಲ್ಪ ಒತ್ತಡವನ್ನು ಸದಾ ಉಳಿಸುವ ಒಂದು ವಾಲ್ವ್ ಇರುತ್ತದೆ. ಅದನ್ನು ಹಾಗೆಯೇ ಬಿಟ್ಟು ಡಿಸ್ಕ್ ಜೋಡಿಸಿದರೆ ಪ್ಯಾಡುಗಳು ಬಿಡದೆ ಉಜ್ಜುತ್ತಾ, ಕಾದು, ಕೊನೆಗೆ ಚಕ್ರವೇ ಜಾಮ್ ಆಗುತ್ತದೆ. ಅಲ್ಲದೆ ಡಿಸ್ಕಿಗೆ ಹೆಚ್ಚು ಒತ್ತಡ ಬೇಕಾದ್ದರಿಂದ ಪೆಡಲಿನ ಬಲ ಹೆಚ್ಚಿಸುವ ವ್ಯಾಕ್ಯೂಮ್ ಬೂಸ್ಟರ್ ಬೇಕು, ಪ್ಯಾಡುಗಳನ್ನು ಒತ್ತುವ ಕ್ಯಾಲಿಪರ್ ಕೂರಿಸಲು ಬ್ರಾಕೆಟ್ ಮಾಡಿಸಬೇಕು, ಮುಂದೆ ಹಿಂದೆ ಬ್ರೇಕಿನ ಬಲ ಹೊಂದಾಣಿಕೆಯಾಗಬೇಕು. ಆ ಬ್ರಾಕೆಟ್ಟಿನ ಬೆಸುಗೆಯ ಮೇಲೆ ನಿಮ್ಮ ಮನೆಯವರ ಜೀವ ನಿಂತಿರುತ್ತದೆ ಎಂಬುದನ್ನು ಮರೆಯಬೇಡಿ. 1089 ಸಿ.ಸಿ.ಯ ಈ ಎಂಜಿನ್ನಿನ ವೇಗಕ್ಕೆ, ಸರಿಯಾಗಿ ಅಡ್ಜಸ್ಟ್ ಮಾಡಿದ ಡ್ರಮ್ ಸಾಕಾಗುತ್ತದೆ. ಹಣ ಉಳಿದರೆ ಎರಡು ಸಾಲಿನ ಟ್ಯಾಂಡಮ್ ಮಾಸ್ಟರ್ ಸಿಲಿಂಡರನ್ನು ತಿಳಿದವರಿಂದ ಹಾಕಿಸಿ. ಒಂದು ಸಾಲು ಹೋದರೂ ಇನ್ನೊಂದು ಉಳಿಯುತ್ತದೆ ಎಂಬ ಭರವಸೆ ಡಿಸ್ಕಿಗಿಂತ ದೊಡ್ಡದು.

ಬ್ರೇಕಿನ ಜೊತೆಗೇ ಟೈರ್ ನೋಡಿ. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಮೇಲ್ಮೈಯ ಗುಂಡಿಗಳು (ಟ್ರೆಡ್) ಚೆನ್ನಾಗಿದ್ದರೂ ಹತ್ತು ವರ್ಷ ದಾಟಿದ ಟೈರ್ ಬೇಡ. ರೇಡಿಯಲ್ ಹಾಕುವುದಾದರೆ ನಾಲ್ಕಕ್ಕೂ ಹಾಕಿ.

ಪ್ರಶ್ನೆ (ಹಾಸನದ ಸದಸ್ಯರು):
ನನ್ನದು ಹಳೆಯ ಅಂಬಾಸಡರ್ ಮಾರ್ಕ್ 2. ಇದರಲ್ಲೂ ಹೆಡ್‌ಲೈಟ್ ಮಂದವಾಗಿದೆ. ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ತೆಗೆದು ಅದರ ಬದಲು ಆಲ್ಟರ್ನೇಟರ್ ಹಾಕಿಸಿ, ಎಲ್‌ಇಡಿ ಬಲ್ಬ್ ಹಾಕಬಹುದೇ?

ಉತ್ತರ:
ಇಬ್ಬರಿಗೂ ಒಟ್ಟಿಗೇ ಉತ್ತರಿಸುತ್ತೇನೆ. ಬೆಳಕು ಮಂದವಾಗಲು ಬಹಳ ಸಲ ಬಲ್ಬೂ ಕಾರಣವಲ್ಲ, ಡೈನಮೋ ಕೂಡ ಅಲ್ಲ. ಐವತ್ತು ವರ್ಷದ ವೈರು, ಸ್ವಿಚ್ಚು, ಹಸಿರುಗಟ್ಟಿದ ಫ್ಯೂಸ್ ಹಿಡಿಕೆಗಳ ಮೂಲಕ ಹೋಗುವಷ್ಟರಲ್ಲಿ ವೋಲ್ಟೇಜ್ ಸೋರಿಹೋಗಿರುತ್ತದೆ. ಲೈಟ್ ಹಾಕಿ, ಎಂಜಿನ್ ಚಾಲೂ ಇಟ್ಟು, ಮೊದಲು ಬ್ಯಾಟರಿಯಲ್ಲಿ, ಆಮೇಲೆ ಬಲ್ಬಿನ ಹಿಂದೆ ಮೀಟರ್ ಹಿಡಿದು ನೋಡಿ. ಎರಡರ ನಡುವೆ ಒಂದು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬ್ಯಾಟರಿಯಿಂದ ನೇರವಾಗಿ ದಪ್ಪ ವೈರ್ ಎಳೆದು, ಫ್ಯೂಸ್ ಹಾಕಿ, ಡಿಮ್ಮಿಗೊಂದು ಬ್ರೈಟಿಗೊಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಕೂರಿಸಿ; ಹಳೆಯ ಸ್ವಿಚ್ಚು ಆ ರಿಲೇಯನ್ನು ಎಬ್ಬಿಸುವ ಕೆಲಸ ಮಾತ್ರ ಮಾಡಲಿ. ಜೊತೆಗೆ ಲೈಟಿನ ಬಳಿಯ ಅರ್ತ್ ವೈರನ್ನು ಉಜ್ಜಿ ಬಿಗಿಗೊಳಿಸಿ. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಈ ಕೆಲಸದಷ್ಟು ಸಂತೋಷ ಕೊಡುವ ಸುಧಾರಣೆ ಹಳೆಯ ಕಾರಿನಲ್ಲಿ ಇನ್ನೊಂದಿಲ್ಲ.

ಆಲ್ಟರ್ನೇಟರ್ ಅದರ ನಂತರದ ಹೆಜ್ಜೆ. ಎರಡು 55 ವ್ಯಾಟ್ ಬಲ್ಬುಗಳೇ ಸುಮಾರು 9 ಆಂಪಿಯರ್ ಎಳೆಯುತ್ತವೆ. ಸಿಗ್ನಲ್ಲಿನಲ್ಲಿ ಎಂಜಿನ್ ನಿಧಾನವಾಗಿ ತಿರುಗುವಾಗ ಡೈನಮೋ ಹೆಚ್ಚುಕಡಿಮೆ ಏನನ್ನೂ ಕೊಡುವುದಿಲ್ಲ, ಆಲ್ಟರ್ನೇಟರ್ ಆಗಲೂ ಕೊಡುತ್ತದೆ. ಆದರೆ ಅಂಬಾಸಡರಿನವರು ಒಂದು ಮಾತನ್ನು ಗಮನಿಸಬೇಕು. ಆ ಕಾಲದ ಕೆಲವು ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಸೇರಿರುತ್ತದೆ. ಬ್ಯಾಟರಿಯ ಯಾವ ಕಂಬ (ಟರ್ಮಿನಲ್) ಬಾಡಿಗೆ ಬೋಲ್ಟ್ ಆಗಿದೆ ಎಂದು ನೋಡದೆ ಈಗಿನ ಆಲ್ಟರ್ನೇಟರ್ ಜೋಡಿಸಿದರೆ ಅದರ ಡಯೋಡುಗಳು ಕ್ಷಣದಲ್ಲಿ ಸುಡುತ್ತವೆ. ಡೈನಮೋದ ಚಾರ್ಜ್ ನಿಯಂತ್ರಿಸುತ್ತಿದ್ದ ಹಳೆಯ ಕಟ್‌ಔಟನ್ನು ಸರ್ಕ್ಯೂಟಿನಿಂದ ಬಿಡಿಸಬೇಕು, ಡ್ಯಾಷ್‌ಬೋರ್ಡಿನ ಚಾರ್ಜ್ ದೀಪದ ವೈರನ್ನು ಮಾತ್ರ ಉಳಿಸಬೇಕು, ಬಹುತೇಕ ಆಲ್ಟರ್ನೇಟರ್ ಎಚ್ಚರಗೊಳ್ಳುವುದು ಆ ದೀಪದ ಮೂಲಕವೇ. ಎಲ್‌ಇಡಿ ಬಲ್ಬ್ ಬೇಡ. ತಂತಿ ಉರಿಯುವ ಬಲ್ಬಿಗಾಗಿ ಮಾಡಿದ ದುಂಡು ರಿಫ್ಲೆಕ್ಟರಿನಲ್ಲಿ ಅದರ ಬೆಳಕು ಚೆದುರಿ ಎದುರಿನವರ ಕಣ್ಣಿಗೆ ರಾಚುತ್ತದೆ.

ಪ್ರಶ್ನೆ (ಮೈಸೂರಿನ ಸದಸ್ಯರು):
ಎಂಜಿನ್ ಕಾಯುವುದಕ್ಕೆ ಥರ್ಮೋಸ್ಟಾಟ್ (ಎಂಜಿನ್ ಬೆಚ್ಚಗಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್) ತೆಗೆದುಬಿಡಿ ಎನ್ನುತ್ತಾರೆ. ಇನ್ನು ಈಗಿನ ಪೆಟ್ರೋಲ್ ಹಳೆಯ ಕಾರಿಗೆ ಆಗುವುದಿಲ್ಲ ಎಂಬ ಮಾತೂ ಕೇಳಿಬರುತ್ತಿದೆ.

ಉತ್ತರ:
ಥರ್ಮೋಸ್ಟಾಟ್ ತೆಗೆಯಬೇಡಿ. ಅದು ಕೆಟ್ಟಿದ್ದರೆ ಹೊಸದು ಹಾಕಿ. ತೆಗೆದರೆ ಎಂಜಿನ್ ಬೆಳಗ್ಗೆ ಕಾಯಲು ತಡವಾಗಿ, ಪೆಟ್ರೋಲ್ ಹೆಚ್ಚು ಕುಡಿದು, ಒಳಗಿನ ಸವೆತ ಹೆಚ್ಚುತ್ತದೆ. ಏರಿನಲ್ಲಿ ಮಾತ್ರ ಕಾಯುತ್ತದೆ ಎಂದರೆ ಮೊದಲ ಅನುಮಾನ ರೇಡಿಯೇಟರಿನ ಮೇಲೆ. ಅದನ್ನು ಇಳಿಸಿ, ರೇಡಿಯೇಟರ್ ಅಂಗಡಿಯಲ್ಲಿ ರಾಡ್ ಹೊಡೆಸಿ (ಕೊಳವೆಗಳೊಳಗೆ ಸರಳು ತೂರಿಸಿ ಕೊಳೆ ತೆಗೆಸಿ), ಕೊಳವೆಗಳು ತೀರಾ ಕಟ್ಟಿದ್ದರೆ ಕೋರನ್ನೇ ಬದಲಿಸಿ. ಬೋರ್‌ವೆಲ್ ನೀರು ಬೇಡ, ಕೂಲಂಟ್ ಹಾಕಿ. ನಿಮ್ಮ ಎಂಜಿನ್ನಿನ ಹೆಡ್ ಅಲ್ಯೂಮಿನಿಯಮ್ಮಿನದು, ಕೆಳಗಿನ ಬ್ಲಾಕ್ ಬೀಡುಕಬ್ಬಿಣದ್ದು. ಒಮ್ಮೆ ಜೋರಾಗಿ ಕಾದರೆ ಹೆಡ್ ಬಾಗಿ, ಎರಡರ ನಡುವಿನ ಪ್ಯಾಕಿಂಗ್ ಹೋಗುತ್ತದೆ. ಆದ್ದರಿಂದ ಶಾಖದ ಮೀಟರಿನ ಮುಳ್ಳು ಮೇಲೇರಿದ ಕೂಡಲೇ ನಿಲ್ಲಿಸಿ, ಪೂರ್ತಿ ತಣ್ಣಗಾದ ಮೇಲೆಯೇ ರೇಡಿಯೇಟರಿನ ಮುಚ್ಚಳ ತೆಗೆಯಿರಿ.

ಪೆಟ್ರೋಲಿನ ವಿಷಯದಲ್ಲಿ ಆತಂಕಕ್ಕೆ ಆಧಾರವಿದೆ, ಆದರೆ ಪರಿಹಾರವೂ ಇದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರ್ ಹೋಸನ್ನೂ ಪೆಟ್ರೋಲ್ ಪಂಪಿನ ಡಯಾಫ್ರಮನ್ನೂ ಮೆದುಗೊಳಿಸಿ ಬಿರುಕು ಬಿಡಿಸುತ್ತದೆ, ಟ್ಯಾಂಕಿನ ತಳದ ಹಳೆಯ ಕೊಳೆಯನ್ನು ಕರಗಿಸಿ ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಹಾಯುವ ಸಣ್ಣ ರಂಧ್ರವಾದ ಜೆಟ್ಟಿಗೆ ತರುತ್ತದೆ, ನೀರನ್ನು ಹೀರುತ್ತದೆ. ಎಥನಾಲ್ ತಾಳುವ ಹೋಸ್ ಮತ್ತು ಡಯಾಫ್ರಮ್ ಹಾಕಿಸಿ, ಪಾರದರ್ಶಕ ಫಿಲ್ಟರ್ ಕೂರಿಸಿ, ಮೊದಲ ಕೆಲವು ತಿಂಗಳು ಅದನ್ನು ಪದೇ ಪದೇ ಬದಲಿಸಿ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ತೆಳುವಾಗುತ್ತದೆ. ಎಂಜಿನ್ ಕಾಯಲು ಇದೂ ಒಂದು ಕಾರಣವಾಗಬಹುದು. ಪ್ಲಗ್ ತೆಗೆದು ನೋಡಿದಾಗ ಬೆಳ್ಳಗೆ ಸುಟ್ಟಂತಿದ್ದರೆ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿಸಿ. ಪೆಟ್ರೋಲ್ ಹೋಸಿನ ಕೆಲಸವನ್ನು ಮುಂದೂಡಬೇಡಿ, ಬೆಂಕಿಯ ಅಪಾಯವಿರುವುದು ಅಲ್ಲೇ. ಕಾರಿನೊಳಗೆ ಕೈಗೆಟುಕುವಂತೆ ಒಂದು ಕಿಲೋ ತೂಕದ ಅಗ್ನಿಶಾಮಕವನ್ನೂ ಇಡಿ.

ಪ್ರಶ್ನೆ (ಬೆಂಗಳೂರಿನ ಸದಸ್ಯರು):
ಪದ್ಮಿನಿಗೆ ಹೊಸ ಕಾಲದ ಎಂಜಿನ್ ಮತ್ತು ಐದು ಗೇರಿನ ಪೆಟ್ಟಿಗೆ ಕೂರಿಸಿದರೆ ಎಲ್ಲ ತೊಂದರೆಯೂ ಒಮ್ಮೆಲೇ ಮುಗಿಯುವುದಿಲ್ಲವೇ? ಅಲ್ಲದೆ ಐವತ್ತು ವರ್ಷ ತುಂಬಿದ ಕಾರಿಗೆ ವಿಂಟೇಜ್ ನೋಂದಣಿ ಮಾಡಿಸುವುದು ಲಾಭವೇ?

ಉತ್ತರ:
ಎಂಜಿನ್ ಬದಲಿಸಿದರೆ ತೊಂದರೆ ಮುಗಿಯುವುದಿಲ್ಲ, ಆರಂಭವಾಗುತ್ತದೆ. ಮೌಂಟಿಂಗ್, ಪ್ರೊಪೆಲರ್ ಷಾಫ್ಟ್, ಸೈಲೆನ್ಸರ್, ರೇಡಿಯೇಟರ್, ವೈರಿಂಗ್ ಎಲ್ಲವೂ ಬದಲಾಗಬೇಕು. ದಿನವೂ ಕಾರು ಬೇಕಾದವರಿಗೆ ಇದು ಹೇಳಿದ ಕೆಲಸವಲ್ಲ. ಕಾನೂನಿನ ಪ್ರಕಾರವೂ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಮೂಲತಃ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಅನುಮತಿ ಇಲ್ಲದೆ ಎಂಜಿನ್ ಬದಲಿಸಿದರೆ ನವೀಕರಣದ ಹೊತ್ತಿನಲ್ಲೂ ವಿಮೆಯ ಹೊತ್ತಿನಲ್ಲೂ ಕಷ್ಟ.

ವಿಂಟೇಜ್ ನೋಂದಣಿಯ ನಿಯಮಗಳು 2021ರಲ್ಲಿ ಬಂದವು. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿರಬೇಕು, ಚಾಸಿಸ್, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಇರಬಾರದು. ಆದರೆ ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂತಹ ಕಾರಣಗಳಿಗಷ್ಟೇ ರಸ್ತೆಗೆ ತರಬಹುದು, ನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಆದ್ದರಿಂದ ಮೈಸೂರಿನ ಸದಸ್ಯರು ಸಾಮಾನ್ಯ ನೋಂದಣಿಯನ್ನೇ ಐದು ವರ್ಷಕ್ಕೊಮ್ಮೆ ನವೀಕರಿಸಿಕೊಂಡು ಹೋಗುವುದು ಸೂಕ್ತ.

ಪ್ರಶ್ನೆ (ಮೈಸೂರಿನ ಸದಸ್ಯರು):
ಕೊನೆಯದಾಗಿ, ಬಿಡಿಭಾಗಗಳು ಸಿಗುತ್ತವೆಯೇ? ಈ ದೀಪಾವಳಿಗೆ ಪುತ್ತೂರಿಗೆ ಹೋಗುವಾಗ ಡಿಕ್ಕಿಯಲ್ಲಿ ಏನೇನು ಇಟ್ಟುಕೊಳ್ಳಲಿ?

ಉತ್ತರ:
ಮುಂಬಯಿಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ಪೂರ್ತಿ ಮರೆಯಾದವು. ಅಷ್ಟು ವರ್ಷ ಬಿಡಿಭಾಗಗಳ ವ್ಯಾಪಾರವನ್ನು ಜೀವಂತವಾಗಿಟ್ಟದ್ದರಲ್ಲಿ ಆ ಟ್ಯಾಕ್ಸಿಗಳ ಪಾಲು ದೊಡ್ಡದು. ಬ್ರೇಕಿನ ಕಿಟ್, ಕಿಂಗ್‌ಪಿನ್ ಕಿಟ್, ಕ್ಲಚ್ ಪ್ಲೇಟ್, ನೀರಿನ ಪಂಪ್, ಹೆಡ್ ಪ್ಯಾಕಿಂಗ್ ಇವುಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ, ಈಗಲೇ ಒಂದೊಂದು ಜೊತೆ ಕೊಂಡಿಡಿ. ಹೋಗುವಾಗ ಹಳೆಯ ಭಾಗವನ್ನು ಕೈಯಲ್ಲಿ ಹಿಡಿದು ಹೋಗಿ, ಮಾದರಿಯಿಂದ ಮಾದರಿಗೆ ಅಳತೆ ಬದಲಾಗಿರುತ್ತದೆ.

ಡಿಕ್ಕಿಯಲ್ಲಿ ಫ್ಯಾನ್ ಬೆಲ್ಟ್, ಮೇಲಿನ ಮತ್ತು ಕೆಳಗಿನ ರೇಡಿಯೇಟರ್ ಹೋಸ್, ಐದು ಲೀಟರ್ ನೀರು, ಫ್ಯೂಸುಗಳು, ಬ್ರೇಕ್ ಎಣ್ಣೆಯ ಸೀಲ್ ತೆರೆಯದ ಡಬ್ಬಿ ಇರಲಿ. ಮುಂದೆ ಎಂದಾದರೂ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರೆ ಕಿಡಿ ಹಾರಿಸಲು ಈವರೆಗೆ ಬಳಸುತ್ತಿದ್ದ ಹಳೆಯ ಪಾಯಿಂಟ್ ಸೆಟ್ಟನ್ನೂ ಕಂಡೆನ್ಸರನ್ನೂ ಇವುಗಳ ಜೊತೆಗೇ ಇಡಿ. ಎಲೆಕ್ಟ್ರಾನಿಕ್ ಮಾಡ್ಯೂಲ್ ಕೆಟ್ಟರೆ ದಾರಿಬದಿಯಲ್ಲಿ ದುರಸ್ತಿಯಿಲ್ಲ, ಪಾಯಿಂಟನ್ನು ಅರ್ಧ ಗಂಟೆಯಲ್ಲಿ ಮರಳಿ ಕೂರಿಸಬಹುದು. ಬ್ರೇಕಿನ ಎರಡೂ ವಾರಾಂತ್ಯದ ಕೆಲಸ ಮುಗಿದು 300 ಕಿಲೋಮೀಟರ್ ಓಡಿದ್ದರೆ ಮಾತ್ರ ಘಾಟಿಗೆ ಹೊರಡಿ, ಇಲ್ಲವಾದರೆ ಈ ಹಬ್ಬಕ್ಕೆ ಬಸ್ಸಿನಲ್ಲಿ ಹೋಗಿಬನ್ನಿ. ಮಡಿಕೇರಿ ದಾಟಿ ಇಳಿಜಾರು ಆರಂಭವಾಗುವ ಮೊದಲೇ, ಅದೇ ದಾರಿಯನ್ನು ಹತ್ತಲು ಯಾವ ಗೇರ್ ಬೇಕೋ ಆ ಗೇರಿಗೆ ಹಾಕಿಕೊಂಡು ಇಳಿಯಿರಿ.